ಪಕ್ಷದ ಎಡೆಗೆ ಹೊಳೆಮೀನು

ನಿಮ್ಮಮ್ಮ ಫೋನಿನಲ್ಲಿ “ಮೀನು ಹಿಡಿಯೋದೂ ಇರುತ್ತೆ ಕಣವ್ವ” ಎಂದಳು. ಆ ಒಂದು ಮಾತಿಗೇ ನಾನು ಬರುತ್ತೇನೆ ಎಂದುಬಿಟ್ಟೆ.

ಅದಕ್ಕೂ ಮೊದಲು ಅವಳು ಟೆಂಟಿನ ವಿಷಯ ಹೇಳಿದ್ದಳು. ಹಕ್ಕಿ ನೋಡುವ ವಿಷಯ ಹೇಳಿದ್ದಳು. ಕಾವೇರಿ ದಡದ ಕಾಡು, ಅಲ್ಲಿ ಕರೆಂಟಿಲ್ಲ, ಫೋನು ಸಿಗುವುದಿಲ್ಲ, ಆನೆ ಬಂದರೂ ಬಂದೀತು ಎಂದೂ ಹೇಳಿದ್ದಳು. ನಾನು ಎಲ್ಲದಕ್ಕೂ “ನೀವು ಓಗ್ಬನ್ನಿ, ನಂಗ್ಯಾಕವ್ವ ಅವೆಲ್ಲ” ಅನ್ನುತ್ತಲೇ ಇದ್ದೆ. ಮೀನು ಎಂದ ಕೂಡಲೇ ಒಪ್ಪಿಕೊಂಡದ್ದು ಅವಳಿಗೆ ಆಶ್ಚರ್ಯವಾಯಿತು. ಯಾಕೆ ಎಂದು ಕೇಳಿದಳು. ನಾನು ಹೇಳಲಿಲ್ಲ. ಕೇಳಿದ್ದಕ್ಕೆ ಬಾಯಿ ಬಿಟ್ಟು ಉತ್ತರ ಕೊಡುವ ಅಭ್ಯಾಸ ನನಗೆ ಮೊದಲಿನಿಂದಲೂ ಕಡಿಮೆ.

ಮೊಮ್ಮಕ್ಕಳೇ, ನೀವಿಬ್ಬರೂ ಆಗ ಜೊತೆಯಲ್ಲೇ ಇದ್ದಿರಿ. ಆದರೂ ನನ್ನ ಮನಸ್ಸಿನಲ್ಲಿ ಏನಿತ್ತು ಎಂಬುದು ನಿಮಗೆ ಪೂರ್ತಿ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮನ್ನು ದೊಡ್ಡವಳು, ಚಿಕ್ಕವನು ಎಂದೇ ಬರೆಯುತ್ತೇನೆ. ಮನೆಯವರ ಹೆಸರು ಕಾಗದದ ಮೇಲೆ ಬರೆಯಲು ನನಗೆ ಈಗಲೂ ನಾಚಿಕೆ.

ನಿಮ್ಮ ತಾತನಿಗೆ ಮಳವಳ್ಳಿಯಲ್ಲಿ ಸೈಕಲ್ ಶಾಪು ಇತ್ತೆಂದು ನಿಮಗೆ ಗೊತ್ತು. ವಾರಕ್ಕೊಮ್ಮೆ ಅಂಗಡಿಗೆ ರಜ. ಆ ದಿನ ಅವರು ಸ್ನೇಹಿತರ ಜೊತೆ ಸೈಕಲ್ ತುಳಿದುಕೊಂಡು ಹೊಳೆಗೆ ಹೋಗಿ ಗಾಳ ಹಾಕುತ್ತಿದ್ದರು. ಹೊಳೆಯ ದೊಡ್ಡ ಮೀನಿಗೆ ಎರೆಹುಳು ಆಗುವುದಿಲ್ಲ, ರಾಗಿ ಬೇಕು. ಹಿಂದಿನ ದಿನವೇ ನಾನು ಎರಡು ಬಗೆಯ ಮುದ್ದೆ ತೊಳಸುತ್ತಿದ್ದೆ. ಒಂದು ಅವರ ಊಟಕ್ಕೆ, ಮೆತ್ತಗೆ. ಇನ್ನೊಂದು ಮೀನಿಗೆ, ಸ್ವಲ್ಪ ಇಂಗು ಹಾಕಿ ಗಟ್ಟಿಯಾಗಿ, ನೀರಿನಲ್ಲಿ ಕರಗದ ಹಾಗೆ. ಒಂದು ಸಲ ಡಬ್ಬಿ ಅದಲುಬದಲಾಗಿ ಗಟ್ಟಿ ಮುದ್ದೆಯನ್ನು ಇವರೇ ತಿಂದು ಬಂದಿದ್ದರು. “ಹಲ್ಲೆಲ್ಲ ಅಳ್ಳಾಡೋದ್ವು ಕಣೆ” ಎಂದರೇ ಹೊರತು ಬೈಯಲಿಲ್ಲ.

ಅವರು ಕೆರೆಯ ಮೀನು ಮುಟ್ಟುತ್ತಿರಲಿಲ್ಲ. “ಕೆರೆ ಮೀನು ಅಂದ್ರೆ ಕೆಸ್ರು, ಒಳೆ ಮೀನು ಅಂದ್ರೆ ನೀರು” ಎನ್ನುವರು. ಅವರು ಹೋದ ಮೇಲೆ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಪಕ್ಷದ ಎಡೆ ಇಡುತ್ತೇವೆ. ಸತ್ತವರಿಗೆ ಏನೇನು ಇಷ್ಟವೋ ಅದೆಲ್ಲ ಎಲೆಯ ಮೇಲೆ ಇರಬೇಕು. ಮುದ್ದೆ, ಕೋಳಿ ಸಾರು, ಉದ್ದಿನ ವಡೆ, ಬೀಡಿ ಕಟ್ಟು, ಒಗೆದ ಪಂಚೆ ಎಲ್ಲ ಇಡುತ್ತೇನೆ. ಮೀನೂ ಇಡುತ್ತೇನೆ, ಆದರೆ ಅದು ಸಂತೆಯಲ್ಲಿ ಸಿಗುವ ಕೆರೆಯ ಮೀನು. ಹೊಳೆಯ ಮೀನು ಈಗ ಮಳವಳ್ಳಿಗೆ ಬರುವುದಿಲ್ಲ. ತಾತನ ಜೊತೆ ಗಾಳ ಹಾಕುತ್ತಿದ್ದವರೂ ಉಳಿದಿಲ್ಲ. ಪ್ರತಿ ವರ್ಷ ಎಡೆಯ ಮುಂದೆ ನಿಂತಾಗ, ಈ ಮನುಷ್ಯ ಅಷ್ಟು ದೂರದಿಂದ ಬಂದು ಎಲೆ ನೋಡಿ, ಮೀನನ್ನು ಅತ್ತ ಸರಿಸಿ, ಅರೆಹೊಟ್ಟೆಯಲ್ಲಿ ಎದ್ದು ಹೋಗುತ್ತಾರೆ ಅನ್ನಿಸುತ್ತಿತ್ತು. ಇದನ್ನು ಯಾರಿಗೆ ಹೇಳುವುದು? ಹೇಳಿದರೆ ನಗುತ್ತಾರೆ.

ನಾವು ಕಾಡಿನಿಂದ ಹಿಂದಿರುಗುವ ಮಾರನೆಯ ದಿನವೇ ಅಮಾವಾಸ್ಯೆ. ನನ್ನ ಲೆಕ್ಕ ಅಲ್ಲಿಗೆ ಸರಿಹೋಯಿತು. ನೀವು ಮೀನು ಹಿಡಿಯುತ್ತೀರಿ, ನಾನು ಅಲ್ಲೇ ಹಸನು ಮಾಡಿ, ಉಪ್ಪು ಅರಿಸಿನ ಸವರಿ, ಬಾಳೆಲೆಯಲ್ಲಿ ಸುತ್ತಿ ತರುತ್ತೇನೆ. ಬಟ್ಟೆಯ ಚೀಲದಲ್ಲಿ ಸೀರೆಯ ಕೆಳಗೆ ಮುಚ್ಚಳದ ಪಾತ್ರೆ, ಕಲ್ಲುಪ್ಪು, ಅರಿಸಿನ, ಬಾಳೆಲೆ ಇಟ್ಟುಕೊಂಡೆ. ಮೀನು ಉಜ್ಜುವಾಗ ಕೈ ಜಾರದಿರಲೆಂದು ನೀರೊಲೆಯ ಬೂದಿ ಒಂದು ಪೊಟ್ಟಣ. ಎಲ್ಲಕ್ಕಿಂತ ಕೆಳಗೆ, ಹಳೆಯ ಟವೆಲಿನಲ್ಲಿ ಸುತ್ತಿ, ಈಳಿಗೆಮಣೆ.

ನಿಮ್ಮಪ್ಪನಿಗೆ ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ರಜ ಸಿಗಲಿಲ್ಲ. ನಿಮ್ಮಮ್ಮನೇ ಮಂಡ್ಯದಿಂದ ಕಾರು ಓಡಿಸಿಕೊಂಡು ಬಂದು ಮಳವಳ್ಳಿಯಲ್ಲಿ ನನ್ನನ್ನು ಹತ್ತಿಸಿಕೊಂಡಳು. ಚೀಲ ಎತ್ತಿದ ಚಿಕ್ಕವನು “ಏನಜ್ಜಿ, ಕಲ್ಲು ತುಂಬಿದ್ದೀಯಾ?” ಎಂದ. ಹಲಗೂರು ದಾಟಿ ಕಾಡಿನ ಗೇಟಿಗೆ ಬಂದಾಗ ಗಾರ್ಡು ಎಲ್ಲರ ಚೀಲ ನೋಡಿದ. ಪ್ಲಾಸ್ಟಿಕ್ಕು, ಬಾಟಲಿ ಇದೆಯಾ ಎಂದು ಹುಡುಕುವವನ ಕೈಗೆ ನನ್ನ ಟವೆಲು ಸಿಕ್ಕಿತು. ಬಿಚ್ಚಿದವನೇ ಹಿಂದಕ್ಕೆ ಸರಿದ.

“ಏನಜ್ಜಿ ಇದು? ಕಾಡ್ನಾಗೆ ಯಾರ್ ಕತ್ತು ಕುಯ್ಯಕ್ ಓಯ್ತಿದ್ದೀಯೆ?”

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. “ತರ್ಕಾರಿ ಎಚ್ಚಕ್ಕೆ ಕಣಪ್ಪ” ಎಂದೆ.

“ಮೂರೊತ್ತೂ ಅವ್ರೇ ಅಡ್ಗೆ ಮಾಡಿ ಇಕ್ತಾರೆ ಕಣಜ್ಜಿ. ಕೂತ್ಕಂಡ್ ಉಣ್ಣು” ಎಂದು ನಕ್ಕು ಅದನ್ನು ಮತ್ತೆ ಸುತ್ತಿ ಕೊಟ್ಟ. ನಿಮ್ಮಮ್ಮ ದಾರಿಯುದ್ದಕ್ಕೂ ನಗುತ್ತಿದ್ದಳು. “ಅವ್ವ, ನೀನು ತಾಜ್ ಹೋಟ್ಲಿಗೋದ್ರೂ ಈಳಿಗೆಮಣೆ ತಗೊಂಡೋಗ್ತೀಯ ಬುಡು.” ನಾನೂ ನಕ್ಕೆ. ಒಳಗೆ ಮಾತ್ರ, ಬರುವಾಗ ಇದೇ ಚೀಲದಲ್ಲಿ ಮೀನು ಇರುತ್ತದೆ, ಆಗ ಗೊತ್ತಾಗುತ್ತದೆ ನಿನಗೆ, ಎಂದುಕೊಂಡೆ.

ಹೊಳೆಯ ದಡದಲ್ಲಿ ದೊಡ್ಡ ಹೊಳೆಮತ್ತಿ ಮರಗಳ ಕೆಳಗೆ ಟೆಂಟುಗಳಿದ್ದವು. ಮರದ ಬೊಡ್ಡೆ ಬೆಳ್ಳಗೆ, ಸುಣ್ಣ ಬಳಿದ ಗೋಡೆಯ ಹಾಗೆ. ನಮ್ಮನ್ನು ನೋಡಿಕೊಳ್ಳಲು ಒಬ್ಬ ಗೈಡು ಇದ್ದ. ಹೊಳೆ ಬದಿಯ ಹಳ್ಳಿಯವನು, ತಲೆ ಅರ್ಧ ನೆರೆತಿತ್ತು. ಟೀ ಕುಡಿಯುವಾಗ ಅಲ್ಲಿಯ ನಿಯಮಗಳನ್ನು ಹೇಳಿದ. ಕತ್ತಲಾದ ಮೇಲೆ ಟೆಂಟಿನಿಂದ ದೂರ ಹೋಗಬಾರದು. ಮೊಸಳೆ ಇದೆ, ತಾನು ನೋಡಿ ಹೇಳುವವರೆಗೆ ನೀರಿಗಿಳಿಯಬಾರದು. ಇಲಾಖೆಯವರು ಒಪ್ಪಿಗೆ ಕೊಟ್ಟಿರುವ ಒಂದು ಮಡುವಿನಲ್ಲಿ ಮಾತ್ರ ಗಾಳ ಹಾಕಬಹುದು.

“ಇನ್ನೊಂದು. ಇಲ್ಲಿ ಮೀನು ಇಡೀಬೋದು, ಇಟ್ಕಳಂಗಿಲ್ಲ. ಒಂದು ಪೋಟೋ ಒಡ್ಕಂಡು ತಿರ್ಗ ಒಳೆಗೇ ಬುಡ್ಬೇಕು.”

ನನ್ನ ಕೈಯಲ್ಲಿದ್ದ ಟೀ ಲೋಟ ಹಾಗೇ ನಿಂತಿತು.

“ತಿನ್ನಲ್ಲ ಅಂದ್ಮೇಲೆ ಯಾಕೆ ಹಿಡೀಬೇಕು?” ಎಂದು ಚಿಕ್ಕವನು ಕೇಳಿದ. ನಾನು ಕೇಳಬೇಕೆಂದಿದ್ದ ಮಾತೇ ಅದು.

“ಖುಸಿಗೆ ಕಣಪ್ಪ.”

“ಮೀನಿಗೂ ಖುಷಿನಾ?”

“ಅದ್ನ ನಾಳೆ ಮೀನ್ನೇ ಕೇಳು” ಎಂದ ಗೈಡು.

ನೀವೆಲ್ಲ ನಕ್ಕಿರಿ. ನಾನು ಲೋಟ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಹೊಳೆಯ ಕಡೆ ನೋಡುತ್ತ ಕೂತೆ. ಮಳೆಗಾಲದ ನೀರು ಇನ್ನೂ ಪೂರ್ತಿ ತಿಳಿಯಾಗಿರಲಿಲ್ಲ, ಟೀಯ ಬಣ್ಣದಲ್ಲೇ ಹರಿಯುತ್ತಿತ್ತು. ಅಷ್ಟು ನೀರು, ಅದರ ತುಂಬ ಮೀನು. ಅದರಲ್ಲಿ ಒಂದು ನನ್ನ ಗಂಡನ ಎಲೆಗೆ ಬರುವ ಹಾಗಿಲ್ಲ. ಬಂದದ್ದೇ ಮೂರ್ಖತನವಾಯಿತು ಅನ್ನಿಸಿತು. ಆದರೆ ಯಾರಿಗೂ ಏನೂ ಹೇಳಿರಲಿಲ್ಲವಲ್ಲ, ಆದ್ದರಿಂದ ಯಾರ ಮುಂದೂ ಮುಖ ಸಣ್ಣದು ಮಾಡಿಕೊಳ್ಳಬೇಕಾಗಿರಲಿಲ್ಲ. ಸುಮ್ಮನಿರುವುದರಿಂದ ಆಗುವ ಲಾಭ ಅದೊಂದೇ.

ಬೆಳಿಗ್ಗೆ ದೊಡ್ಡವಳು ನನ್ನನ್ನು ಎಬ್ಬಿಸಿ ಹಕ್ಕಿ ನೋಡಲು ಕರೆದುಕೊಂಡು ಹೋದಳು. ಒಂದು ಬಂಡೆಯ ಮೇಲೆ ಇಬ್ಬರೂ ಕೂತೆವು. “ಅಜ್ಜಿ, ಇಲ್ಲಿ ಮಾತಾಡ್ಬಾರ್ದು” ಎಂದಳು. ನಗು ಬಂತು. ಬಾಯಿ ಬಿಟ್ಟು ಮಾತಾಡು ಎಂದು ನನ್ನನ್ನು ಗದರಿಸಿದವರು ಬೇಕಾದಷ್ಟು ಜನ. ನಮ್ಮೂರಿನ ಶಾಲೆಯ ಮೇಷ್ಟ್ರು ಮೊದಲ್ಗೊಂಡು ನಿಮ್ಮ ತಾತನವರೆಗೆ. ಮಾತಾಡಬೇಡ ಎಂದವಳು ನೀನೊಬ್ಬಳೇ, ಮಗಳೇ. ನನ್ನಂಥವಳಿಗೆ ಒಪ್ಪುವ ಕೆಲಸವೂ ಲೋಕದಲ್ಲಿ ಇದೆ ಎಂದು ಅವತ್ತು ಗೊತ್ತಾಯಿತು.

ದುರ್ಬೀನು ಕಣ್ಣಿಗಿಟ್ಟರೆ ಮೊದಲು ನನ್ನ ರೆಪ್ಪೆಯೇ ಕಾಣಿಸಿತು. ನೀನು ಅದನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಕೊಟ್ಟೆ. ಆಮೇಲೆ ಇದ್ದಕ್ಕಿದ್ದಂತೆ ಹೊಳೆಯ ಆಚೆ ದಡ ನನ್ನ ಮಡಿಲಿಗೆ ಬಂದು ಕೂತ ಹಾಗಾಯಿತು. ನೀರಿನ ನಡುವಿನ ಬಂಡೆಯ ಮೇಲೆ ಉದ್ದ ಕತ್ತಿನ ಕಪ್ಪು ಹಕ್ಕಿಯೊಂದು ಎರಡೂ ರೆಕ್ಕೆ ಬಿಚ್ಚಿಕೊಂಡು ಅಲ್ಲಾಡದೆ ನಿಂತಿತ್ತು.

“ಹಾವಕ್ಕಿ ಅಜ್ಜಿ. ನೀರಲ್ಲಿ ಮುಳುಗಿ ಮೀನು ಹಿಡಿದು, ಆಮೇಲೆ ಹಂಗೆ ರೆಕ್ಕೆ ಒಣಗಿಸಿಕೊಳ್ಳುತ್ತೆ” ಎಂದು ನೀನು ಪಿಸುಗುಟ್ಟಿದೆ.

“ನಿಮ್ ತಾತನೂ ಇಂಗೇ ನಿಂತ್ಕತಿದ್ರು. ಮೀನ್ ಇಡಿಯಾಕೋಗಿ ನೆಂದು, ಬಂದು ಇತ್ಲಲ್ಲಿ ಪಂಚೆನ ಎಲ್ಡು ಕೈಯಾಗೂ ಇಡ್ಕಂಡು.”

“ಇಲ್ಲೇ ಬರ್ತಿದ್ರಾ ತಾತ?”

“ಇದೇ ಒಳೆ. ಯಾವ ಮಡು ಅಂತ ನಂಗೇನ್ ಗೊತ್ತು? ಒಂದಿನಾನೂ ಕರ್ಕಂಡ್ ಬರ್ನಿಲ್ಲ, ನಾನೂ ಕೇಳ್ನಿಲ್ಲ. ಒಳೆ ಮೀನು ಅಂದ್ರೆ ಪ್ರಾಣ ಅವ್ರಿಗೆ. ನಾನು ಎಡೆಗೆ ಇಕ್ಕೋದು ನೋಡಿದ್ರೆ ಕೆರೆ ಮೀನು...”

ಅಷ್ಟು ಹೇಳಿ ನಿಲ್ಲಿಸಿದೆ. ನೀನು ದುರ್ಬೀನು ಇಳಿಸಿ ನನ್ನ ಮುಖ ನೋಡಿದೆ.

“ಅದಕ್ಕೇ ಈಳಿಗೆಮಣೆ ತಂದ್ಯಾ ಅಜ್ಜಿ?”

ನಾನು ಮತ್ತೆ ಹಾವಕ್ಕಿಯ ಕಡೆ ನೋಡಿದೆ. ನೀನು ತುಂಬ ಹೊತ್ತು ಉಗುರು ಕಚ್ಚುತ್ತ ಕೂತೆ. “ಇಲ್ಲಿಯ ದೊಡ್ಡ ಮೀನು ತುಂಬಾ ಕಮ್ಮಿ ಆಗಿವೆ ಅಜ್ಜಿ. ಈ ಹೊಳೆ ಬಿಟ್ರೆ ಬೇರೆ ಕಡೆ ಸಿಗೋದೇ ಇಲ್ಲ. ತಗೊಂಡು ಹೋಗ್ಬಾರ್ದು” ಎಂದೆ. ಸ್ವಲ್ಪ ತಡೆದು, “ಆದ್ರೆ ತಾತಂಗೆ...” ಎಂದು ಅಲ್ಲಿಗೇ ನಿಲ್ಲಿಸಿದೆ. ನಿನ್ನ ಮನಸ್ಸು ಎರಡಾದದ್ದು ಕಂಡು ನನಗೆ ಸಂಕಟವಾಯಿತು. ಹೇಳಬಾರದಿತ್ತು ಅಂದುಕೊಂಡೆ.

ತಿಂಡಿ ಆದ ಮೇಲೆ ಗೈಡು ನಮ್ಮನ್ನು ತೆಪ್ಪದಲ್ಲಿ ಕೂರಿಸಿಕೊಂಡು ಮಡುವಿನ ಹತ್ತಿರದ ಬಂಡೆಗೆ ಕರೆದೊಯ್ದ. ಸೀರೆಯ ಮೇಲೆ ಕಿತ್ತಳೆ ಬಣ್ಣದ ದಪ್ಪನೆಯ ಜಾಕೀಟು ಹಾಕಿಸಿದರು. ನನ್ನನ್ನು ಯಾರಾದರೂ ಊರಿನವರು ನೋಡಿಬಿಟ್ಟರೆ ಎಂದು ಆ ಕಾಡಿನಲ್ಲೂ ಹೆದರಿಕೆ. ಗೈಡು ಡಬ್ಬಿ ತೆಗೆದ. ಒಳಗೆ ರಾಗಿ ಉಂಡೆಗಳಿದ್ದವು. ಇಂಗಿನ ವಾಸನೆ ಮೂಗಿಗೆ ಬಡಿದದ್ದೇ ನಾನು ಬೇರೆ ಕಡೆ ತಿರುಗಿಕೊಂಡೆ.

“ಮೀನು ಮುದ್ದೆ ತಿನ್ನುತ್ತಾ?” ಎಂದು ಚಿಕ್ಕವನು ಬೆರಗಾದ.

“ಮಂಡ್ಯದ್ ಮೀನು ಕಣಪ್ಪ. ಮುದ್ದೆ ತಿನ್ದೆ ಪಿಜ್ಜಾ ತಿಂದಾದಾ?” ಎಂದ ಗೈಡು.

“ನೋಡು, ಮೀನೇ ತಿನ್ನುತ್ತೆ. ನಿನಗೆ ಮಾತ್ರ ಗಂಟಲಲ್ಲಿ ಇಳಿಯಲ್ಲ” ಎಂದು ನಿಮ್ಮಮ್ಮ ಅವನ ಕಿವಿ ಹಿಂಡಿದಳು.

ಬಿಸಿಲು ಏರುವವರೆಗೆ ಏನೂ ಸಿಗಲಿಲ್ಲ. ನನಗೆ ಅದೇ ಒಳ್ಳೆಯದೆನ್ನಿಸತೊಡಗಿತು. ಸಿಗದೇ ಹೋದರೆ ಬಿಡುವ ಸಂಕಟವೂ ಇಲ್ಲ. ಆಗಲೇ ಚಿಕ್ಕವನ ಕೋಲು ಬಗ್ಗಿತು. ಅವನು ಕಿರುಚಿದ, ನಿಮ್ಮಮ್ಮ ಅವನಿಗಿಂತ ಜೋರಾಗಿ ಕಿರುಚಿದಳು, ಗೈಡು “ಬುಡು ಬುಡು ದಾರ ಬುಡು, ಎಳೀಬ್ಯಾಡ್ಲಾ, ಅದೇ ಬತ್ತದೆ” ಎನ್ನುತ್ತ ಹಿಂದಿನಿಂದ ಅವನನ್ನು ಹಿಡಿದುಕೊಂಡ. ಬಹಳ ಹೊತ್ತು ಎಳೆದಾಡಿ ಕೊನೆಗೆ ಬಂಡೆಯ ಪಕ್ಕದ ಆಳವಿಲ್ಲದ ನೀರಿಗೆ ಅದು ಬಂತು. ಬಿಳಿಮೀನು, ದೊಡ್ಡವಳು ಹೇಳಿದ್ದ ಆ ಹೊಳೆಯ ದೊಡ್ಡ ಜಾತಿ. ಚಿಕ್ಕವನ ತೋಳಿನಷ್ಟು ಉದ್ದ. ಮೈಮೇಲೆ ದೊಡ್ಡ ದೊಡ್ಡ ಪೊರೆ, ಬಾಲ ಕೆಂಡದ ಬಣ್ಣ. ಗೈಡು ಅದನ್ನು ಬಲೆಚೀಲದೊಳಗೆ ನೀರಿನಲ್ಲೇ ಇಟ್ಟು ಗಾಳ ಬಿಡಿಸಿದ. ಫೋಟೋ ತೆಗೆದದ್ದಾಯಿತು.

ದೊಡ್ಡವಳು ಗೈಡಿನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ನನಗೆ ಕೇಳಿಸಿದ್ದು ತಾತ, ಪಕ್ಷ, ಎಡೆ ಎಂಬ ಮೂರು ಮಾತು. ನಾನು ಬೇಡ ಬೇಡ ಎಂದು ಕೈಯಾಡಿಸಿದೆ. ನಿಮ್ಮಮ್ಮ ನನ್ನನ್ನೇ ನೋಡಿದಳು. ಈಳಿಗೆಮಣೆಯ ವಿಷಯ ಅವಳಿಗೆ ಆಗ ಅರ್ಥವಾಗಿರಬೇಕು, ಮುಖದಲ್ಲಿ ನಗು ಇರಲಿಲ್ಲ.

ಗೈಡು ಹೊಳೆಯ ಮೇಲಕ್ಕೂ ಕೆಳಕ್ಕೂ ಒಮ್ಮೆ ಕಣ್ಣಾಡಿಸಿದ.

“ನಮ್ಮನೇಲೂ ಪಕ್ಷ ಅದೆ ಕಣಜ್ಜಿ. ನಮ್ಮಪ್ಪಂಗೂ ಮೀನಿಲ್ದೆ ಆಯ್ತಿರ್ನಿಲ್ಲ.” ರಾಗಿ ಉಂಡೆಯ ಡಬ್ಬಿ ಮುಚ್ಚಿ, “ನಾನು ಆ ಕಡೀಕೋಗಿ ತೆಪ್ಪ ಬಿಗ್ಯಾಗಿ ಕಟ್ಬುಟ್ ಬತ್ತೀನಿ. ಬರೋವಷ್ಟರಾಗೆ ನೀವು ಏನ್ ಮಾಡ್ಕತೀರೋ ಮಾಡ್ಕಳಿ. ನಾನೇನೂ ನೋಡ್ನಿಲ್ಲ” ಎಂದು ಬೆನ್ನು ತಿರುಗಿಸಿ ಹೊರಟುಹೋದ.

ಮೀನು ನನ್ನದಾಗಿತ್ತು. ಯಾರೂ ತಡೆಯುವವರಿರಲಿಲ್ಲ. ಚಿಕ್ಕವನು ಕುಣಿಯುತ್ತಿದ್ದ, “ತಾತಂಗೆ ನಾನೇ ಹಿಡಿದಿದ್ದು!” ದೊಡ್ಡವಳು ಕೈಕಟ್ಟಿ ನಿಂತು ನೀರನ್ನೇ ನೋಡುತ್ತಿದ್ದಳು. ನಾನು ನೆರಿಗೆ ಎತ್ತಿ ಕಟ್ಟಿ ನೀರಿಗೆ ಕಾಲಿಟ್ಟು, ಬಲೆಚೀಲದೊಳಗೆ ಎರಡೂ ಕೈ ಹಾಕಿ ಮೀನನ್ನು ಕೆಳಗಿನಿಂದ ಹಿಡಿದುಕೊಂಡೆ.

ಎತ್ತುವ ಮೊದಲೇ ಅಂಗೈಗೆ ತಿಳಿಯಿತು. ಹೊಟ್ಟೆ ಉಬ್ಬಿತ್ತು, ಮೆತ್ತಗೆ ತುಂಬಿಕೊಂಡಿತ್ತು. ಸ್ವಲ್ಪ ಒತ್ತಿದ್ದಕ್ಕೇ ಸಾಸಿವೆಗಿಂತ ದಪ್ಪನೆಯ ಹಳದಿ ಮೊಟ್ಟೆಗಳು ಬೆರಳ ಸಂದಿಗೆ ಬಂದು ನಿಂತವು.

“ಬಸ್ರಿ ಕಣವ್ವ ಇದು” ಎಂದೆ.

ನಿಜ ಹೇಳಬೇಕೆಂದರೆ ನಿಮ್ಮ ತಾತ ಆಗಿದ್ದರೆ ಬಿಡುತ್ತಿರಲಿಲ್ಲ. ಮೀನಿನ ಮೊಟ್ಟೆ ಅವರಿಗೆ ಮೀನಿಗಿಂತ ಇಷ್ಟ. ಈರುಳ್ಳಿ, ಮೆಣಸು ಹಾಕಿ ಬಾಡಿಸಿ ಕೊಟ್ಟರೆ ತಟ್ಟೆ ನೆಕ್ಕುವರು. ಎಡೆಗೆ ಇದಕ್ಕಿಂತ ದೊಡ್ಡದು ಇನ್ನೇನು ಸಿಗುತ್ತದೆ? ಇದೆಲ್ಲ ನನಗೆ ಗೊತ್ತಿತ್ತು. ಅವರಿಗೆ ಬೇಕು ಎಂದದ್ದನ್ನು ನಾನು ಬದುಕಿನಲ್ಲಿ ಒಂದು ದಿನವೂ ಇಲ್ಲ ಅಂದವಳಲ್ಲ. ಆದರೆ ತುಂಬಿದ ಹೊಟ್ಟೆಯ ಕೆಳಗೆ ಕೈ ಇತ್ತು. ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ಅದು ನನ್ನ ಅಂಗೈ ಮೇಲೆ ಭಾರ ಹಾಕಿ ದಣಿವಾರಿಸಿಕೊಳ್ಳುತ್ತಿತ್ತು. ನಿಮ್ಮಮ್ಮ ನಿಮ್ಮನ್ನು ಹೊತ್ತಿದ್ದಾಗ ಮೆಟ್ಟಿಲು ಹತ್ತಿ ಬಂದು ನನ್ನ ಹೆಗಲಿಗೆ ಒರಗುತ್ತಿದ್ದಳಲ್ಲ, ಹಾಗೆ. ಕೈ ಅದನ್ನು ಮೇಲಕ್ಕೆ ಎತ್ತಲಿಲ್ಲ. ನಾನು ಹೇಳಿದರೂ ಎತ್ತುತ್ತಿರಲಿಲ್ಲವೇನೋ.

ಬಲೆಯ ಅಂಚು ತಗ್ಗಿಸಿದೆ. ಅದು ತಕ್ಷಣ ಹೋಗಲಿಲ್ಲ. ಕೈಯ ಮೇಲೆಯೇ ಸ್ವಲ್ಪ ಹೊತ್ತು ಇದ್ದು, ಬಾಲ ಒಮ್ಮೆ ಬೀಸಿ, ಟೀ ಬಣ್ಣದ ನೀರಿನೊಳಗೆ ಇಳಿದುಹೋಯಿತು.

ಚಿಕ್ಕವನು ಅಳತೊಡಗಿದ. “ನನ್ನ ಮೀನು! ತಾತಂಗೆ ಅಂತ ಹಿಡಿದಿದ್ದು!” ಎಂದು ಬಂಡೆಗೆ ಒದ್ದು ಕಾಲು ನೋಯಿಸಿಕೊಂಡ. ದೊಡ್ಡವಳು ಬಂದು ನನ್ನ ಒದ್ದೆ ಕೈ ಹಿಡಿದುಕೊಂಡಳು. ಗೈಡು ತಿರುಗಿ ಬಂದ.

“ಏನಜ್ಜಿ, ಪಾತ್ರೆ ಒಳಕ್ ಓಯ್ತಾ, ಒಳೆ ಒಳಕ್ ಓಯ್ತಾ?”

“ಒಳೆಗೆ.”

“ಸರಿ ಬುಡು” ಎಂದ. ಬಲೆ ಕೊಡವಿ ಹೆಗಲಿಗೆ ಹಾಕಿಕೊಂಡ.

ಬರುವಾಗ ಕಾರಿನಲ್ಲಿ ನನಗೆ ಬಿಟ್ಟದ್ದಕ್ಕೆ ದುಃಖವಿರಲಿಲ್ಲ, ಆದರೆ ಭಯವಿತ್ತು. ನಾಳೆ ಎಲೆಯ ಮುಂದೆ ಅವರಿಗೆ ಏನು ಹೇಳುವುದು? ಮಳವಳ್ಳಿ ಹತ್ತಿರ ಬಂದಾಗ ನಿಮ್ಮಮ್ಮ “ಅವ್ವ, ಅಂಗಡಿ ಬೀದೀಲಿ ಮೀನು ತಗೊಳ್ಳಾ?” ಎಂದು ಕೇಳಿದಳು.

“ಬ್ಯಾಡ” ಎಂದೆ. “ಒಳೇದು ಕೈಗೆ ಬಂದಿದ್ದು ಬುಟ್ಟು, ಕೆರೇದು ಇಕ್ಕಿ ಯಾಮಾರ್ಸಕ್ಕಾಯ್ತದಾ?”

ಅಮಾವಾಸ್ಯೆಯ ದಿನ ನಿಮ್ಮಪ್ಪನೂ ಬಂದ. ನಡುಮನೆಯಲ್ಲಿ ಎಲೆ ಹಾಕಿ ಎಲ್ಲ ಬಡಿಸಿದೆ. ಮೀನು ಇಡುವ ಜಾಗ ಖಾಲಿ ಬಿಟ್ಟೆ. ಪ್ರತಿ ವರ್ಷ ನಿಮ್ಮಪ್ಪ ಧೂಪ ಹಾಕಿ “ಬಂದು ಉಣ್ಣಿ ಮಾವ” ಎಂದು ಕರೆಯುತ್ತಾನೆ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿರುತ್ತೇನೆ. ನಾಲ್ಕು ಜನರ ಮುಂದೆ ನಿಮ್ಮ ತಾತನ ಜೊತೆ ಮಾತಾಡಿ ನನಗೆ ಗೊತ್ತಿಲ್ಲ, ಬದುಕಿದ್ದಾಗಲೂ.

ಈ ಸಲ ಮುಂದೆ ಬಂದು ನಿಂತೆ. ಯಾಕೆಂದರೆ ಬೇರೆ ಯಾರೂ ಹೇಳುವ ಮಾತಲ್ಲ ಅದು.

“ರೀ” ಎಂದೆ. ಅಷ್ಟಕ್ಕೇ ನಿಂತು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡೆ. ಧೂಪದ ಹೊಗೆ ಸೂರಿನ ಕಡೆ ಏರುತ್ತಿತ್ತು.

ಚಿಕ್ಕವನಿಗೆ ತಡೆಯಲಾಗಲಿಲ್ಲ. ಮುಂದೆ ಬಂದು ಎಲೆಯ ಎದುರು ಮಂಡಿಯೂರಿ, “ತಾತ, ನಾನು ಒಂದು ಮೀನು ಹಿಡಿದಿದ್ದೆ. ಎಷ್ಟು ದೊಡ್ಡದು ಗೊತ್ತಾ? ಇಷ್ಟು!” ಎಂದು ಎರಡೂ ಕೈ ಆಗುವಷ್ಟು ಅಗಲ ಚಾಚಿದ.

“ಅಷ್ಟಿರ್ಲಿಲ್ಲ ಕಣೋ, ಸುಳ್ಳ!” ಎಂದಳು ದೊಡ್ಡವಳು.

ಅವನು ಚಾಚಿದ ಕೈ ಇಳಿಸದೆ ನನ್ನ ಕಡೆ ತಿರುಗಿದ.

“ಅಷ್ಟೇ ಇತ್ತು ಕಣ್ರೀ” ಎಂದೆ. ದನಿ ಹೇಗೋ ಬಂದುಬಿಟ್ಟಿತ್ತು. “ನಿಮಗೆ ಅಂತ್ಲೇ ಇಡ್ದಿದ್ದ. ಬಸ್ರಿ ಮೀನು, ನಾನೇ ಬುಟ್ಬುಟ್ಟೆ. ನೀವಾಗಿದ್ರೆ ಬುಡ್ತಿರ್ನಿಲ್ಲ, ಗೊತ್ತು. ನಂಗೆ ಆಗ್ನಿಲ್ಲ. ಈ ಸಲ ಇರೋದ್ನ ಉಣ್ಣಿ.”

ಹಿರಿಯರು ಉಣ್ಣಲೆಂದು ಬಾಗಿಲು ಎಳೆದುಕೊಂಡು ನಾವೆಲ್ಲ ಹೊರಗೆ ಜಗಲಿಯ ಮೇಲೆ ಕೂತೆವು. ಒಳಗಿನಿಂದ ಯಾವ ಸದ್ದೂ ಇಲ್ಲ. ಚಿಕ್ಕವನು ಬಾಗಿಲಿಗೆ ಕಿವಿ ಇಟ್ಟು ಬಂದು ನನ್ನ ಪಕ್ಕ ಕೂತ.

“ಅಜ್ಜಿ, ಮೀನು ಬಿಟ್ಟಿದ್ದಕ್ಕೆ ತಾತ ನಿನ್ನ ಬೈತಾರಾ?”

“ಬೈಲಿ ಬುಡು ಮಗ” ಎಂದೆ. “ಅವ್ರ್ ದನಿ ಕೇಳಿ ಎಷ್ಟ್ ದಿನಾಯ್ತು.”